ಅಮ್ಮಂದಿರ ಅಡವು

ಬೀದಿ ದೀಪ ಇನ್ನೂ ಆರಿಲ್ಲ. ಹಳೆಯ ಗೋದಾಮಿನ ಹಿಂಬದಿಯ ಕೋಣೆಯಲ್ಲಿ ಗುಂಡಿ ಟೀಚರ್ ಕಲ್ಲಿನಿಂದ ಗೋಡೆಗೆ ಮೊಳೆ ಹೊಡೆಯುತ್ತಿದ್ದಾರೆ. ಮೊಳೆ ಒಂದಿಷ್ಟು ಒಳಗೆ ಹೋದರೆ ಹಿಡಿ ಗಾರೆ ಹೊರಗೆ ಬೀಳುತ್ತದೆ. ಜಾಗ ಬದಲಿಸಿ ಮತ್ತೆ ಹೊಡೆಯುತ್ತಾರೆ. ಮೊಳೆ ಮೇಲಿದ್ದರೆ ಪ್ರಯೋಜನವಿಲ್ಲ, ಮೂರು ವರ್ಷದ ಕೈಗೆ ಎಟುಕಬೇಕು.

"ಈ ಗೋಡೆ ನಮ್ಮತ್ತೆ ಥರ," ಎನ್ನುತ್ತಾರೆ. "ಮೊದಲು ಒಂದಿಷ್ಟು ಉದುರಿಸುತ್ತೆ, ಆಮೇಲೆ ಬಿಗಿಯಾಗಿ ಹಿಡ್ಕೊಳ್ಳುತ್ತೆ."

ಮಧ್ಯಾಹ್ನದ ಮೇಲೆ ಟೈಲರ್ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುವುದು ಅವರ ಹೊಟ್ಟೆಪಾಡು. ಅಡ್ಡಹೆಸರು ಅಲ್ಲಿಂದ ಬಂದದ್ದು. ಬೆಳಗಿನ ಹೊತ್ತು ಪೂರ್ತಿ ಈ ಕೋಣೆಗೆ, ಸಂಬಳವಿಲ್ಲದೆ. ಎರಡು ಚಾಪೆ, ಒಂದು ಕಪ್ಪುಹಲಗೆ, ಮುಚ್ಚಳವಿರುವ ನೀರಿನ ಬಕೆಟ್ಟು, ಇಪ್ಪತ್ತಾರು ಮಕ್ಕಳು. ಹೆಚ್ಚಿನವರ ತಾಯಂದಿರು ರಸ್ತೆಯಾಚೆಯ ಲಾಂಡ್ರಿಯಲ್ಲಿ ಆಸ್ಪತ್ರೆ, ಹೋಟೆಲುಗಳ ಚಾದರ ಒಗೆಯುತ್ತಾರೆ, ಇಸ್ತ್ರಿ ಮಾಡುತ್ತಾರೆ.

ಈ ಬಾಲವಾಡಿಯನ್ನು ಶುರು ಮಾಡಿದ್ದು ಒಂದು ಸಂಸ್ಥೆ. ಟೀಚರಿಗೆ ಮಕ್ಕಳ ಜೊತೆ ಹೇಗಿರಬೇಕೆಂದು ಕಲಿಸಿದ್ದೂ ಅದೇ. ಒಂದು ದಿನ ಆ ಸಂಸ್ಥೆಯವರು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. ಬೋರ್ಡು ಉಳಿಯಿತು. ಮಾರನೆಯ ಬೆಳಿಗ್ಗೆ ಮಕ್ಕಳು ಎಂದಿನಂತೆ ಬಂದು ಬಾಗಿಲಲ್ಲಿ ನಿಂತಿದ್ದರು. "ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಬೀಗ ತೆಗೆದೆ, ಅಷ್ಟೇ," ಎನ್ನುತ್ತಾರೆ ಟೀಚರ್. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅತ್ತೆ ಇಂದಿಗೂ ಗೊಣಗುತ್ತಾರೆ. ಗೊಣಗುತ್ತಲೇ ಬಕೆಟ್ಟಿಗೆ ಕುದಿಸಿ ಆರಿಸಿದ ನೀರು ತುಂಬಿ ಕಳಿಸುತ್ತಾರೆ.

ಕೋಣೆಗೆ ಒಂದೇ ಕಟ್ಟುನಿಟ್ಟು. ಯಾವ ತಾಯಿಯೂ ಮಗುವಿನ ಕಣ್ಣು ತಪ್ಪಿಸಿ ಹೋಗುವಂತಿಲ್ಲ. ಹೇಳಿಯೇ ಹೋಗಬೇಕು, ತನ್ನದೊಂದು ವಸ್ತುವನ್ನು ಮಗುವಿನ ಕೈಗೆ ಅಡವಿಟ್ಟು ಹೋಗಬೇಕು. ಮಗು ಅದನ್ನು ತನ್ನ ಮೊಳೆಗೆ ಸಿಕ್ಕಿಸುತ್ತದೆ. ಮನೆಯ ಬೀಗದಕೈ, ಕನ್ನಡಕ, ಊಟದ ಡಬ್ಬಿಯ ಚೀಲ. ಆ ಚೀಲದ ಒಡತಿಗೆ ಅಂದು ಊಟ ತಡ.

ಟೀಚರ್ ಚಿಕ್ಕವರಿದ್ದಾಗ ಅವರ ತಾಯಿ ದೂರದ ಕೆಲಸಕ್ಕೆ ಹೊರಟದ್ದು ಮಗಳು ನಿದ್ದೆಯಲ್ಲಿದ್ದಾಗ. "ಎಬ್ಬಿಸಿದ್ರೆ ಅಳ್ತಾಳೆ ಅಂತ ಎಬ್ಬಿಸ್ಲಿಲ್ಲ. ಅಮ್ಮ ವಾಪಸ್ ಬಂದ್ಲು, ಅದು ಬೇರೆ ಮಾತು. ನಾನು ಮಾತ್ರ ಎಷ್ಟೋ ವರ್ಷ ಕಣ್ಣು ಮುಚ್ಚೋಕೆ ಹೆದರ್ತಿದ್ದೆ." ಇದಕ್ಕಿಂತ ಹೆಚ್ಚು ಅವರು ಹೇಳುವುದಿಲ್ಲ.

ಇಂದಿನ ಹೊಸ ಮೊಳೆ ಇಸ್ತ್ರಿಯವಳ ಮಗಳಿಗೆ. ನಿನ್ನೆ ತಾಯಿ ಹಲ್ಲು ಮುರಿದ ಬಾಚಣಿಗೆಯೊಂದನ್ನು ಅಡವಿಟ್ಟು, ಟೀಚರ್ ಅತ್ತ ತಿರುಗಿದಾಗ ಜಾರಿಕೊಂಡಿದ್ದಳು. ಮಗು ಬಾಚಣಿಗೆ ಎಸೆದು, ವಾಂತಿಯಾಗುವಷ್ಟು ಅತ್ತಿತು. ತಾಯಿಯನ್ನು ಲಾಂಡ್ರಿಯಿಂದ ಕರೆಸಬೇಕಾಯಿತು. ಇವತ್ತು ಮಗು ಅವಳ ಸೊಂಟಕ್ಕೆ ಉಡದಂತೆ ಅಂಟಿಕೊಂಡೇ ಬಂದಿದೆ.

"ಎರಡನೇ ಗಂಟೆಗೆ ನಾನಲ್ಲಿ ಇಲ್ದಿದ್ರೆ ನನ್ನ ಟೇಬಲ್ ಬೇರೆಯವಳಿಗೆ ಅಂತ ಮೇಸ್ತ್ರಿ ಹೇಳಿದಾನೆ ಟೀಚರ್," ಎನ್ನುತ್ತಾಳೆ ತಾಯಿ. ಲಾಂಡ್ರಿಯ ಮೊದಲ ಗಂಟೆ ಆಗಲೇ ಬಾರಿಸಿದೆ.

"ಆ ಕಡೆ ಕಾಗೆ ತೋರ್ಸು, ಈ ಕಡೆ ಓಡು," ಎಂದು ಚಾದರ ಮಡಚುವ ಹೆಂಗಸು ಬಾಗಿಲಿನಿಂದಲೇ ಉಪದೇಶ ಮಾಡುತ್ತಾಳೆ.

"ನಿನ್ನೆ ತೋರ್ಸಿದ ಕಾಗೆನೇ ಸಾಕು," ಎನ್ನುತ್ತಾರೆ ಟೀಚರ್. "ಹಲ್ಲಿಲ್ಲದ ಬಾಚಣಿಗೆಗೋಸ್ಕರ ಯಾರಾದ್ರೂ ವಾಪಸ್ ಬರ್ತಾರಾ? ಅದು ಇವಳಿಗೂ ಗೊತ್ತು."

ಹಾಗೆಂದರೂ ಅವರ ಕಣ್ಣು ರಸ್ತೆಯಾಚೆಗೇ ಹೋಗುತ್ತಿದೆ. ಕಟ್ಟುನಿಟ್ಟು ತಮ್ಮದು, ಕೈತಪ್ಪುವ ಕೆಲಸ ಇನ್ನೊಬ್ಬಳದು. ಮಗುವನ್ನು ಕಿತ್ತುಕೊಂಡು ತಾಯಿಯನ್ನು ಅಟ್ಟಿಬಿಡಬಹುದು. ಒಂದು ಕ್ಷಣ ಅವರ ಕೈ ಮುಂದಕ್ಕೂ ಹೋಗುತ್ತದೆ. ಆ ಕೈಯನ್ನು ನೆಲಕ್ಕೂರಿ ಕುಳಿತುಕೊಳ್ಳುತ್ತಾರೆ.

"ಪುಟ್ಟಿ, ಅಮ್ಮ ಹೋಗ್ಲೇಬೇಕು. ಏನು ಬಿಟ್ಟು ಹೋದ್ರೆ ವಾಪಸ್ ಬರ್ಲೇಬೇಕಾಗುತ್ತೆ, ನೀನೇ ಹೇಳು."

ಮಗು ತಾಯಿಯನ್ನು ಮೇಲಿಂದ ಕೆಳಗೆ ನೋಡುತ್ತದೆ, ಸಾಲ ಕೊಡುವವನು ಒಡವೆ ನೋಡುವ ಹಾಗೆ. ಹೆಗಲಿನ ಚೀಲ ಬೇಡ. ಕೂದಲಿನ ಕ್ಲಿಪ್ಪು ಬೇಡ. ಸೊಂಟದಿಂದ ತಾನಾಗಿ ಇಳಿದು, ಬಗ್ಗಿ, ತಾಯಿಯ ಎಡಗಾಲಿನ ಚಪ್ಪಲಿ ಹಿಡಿದುಕೊಳ್ಳುತ್ತದೆ.

"ಇದನ್ನ ಕೊಟ್ಟು ನಾನು ಹೇಗೆ ನಡೀಲೇ?"

"ಅದಕ್ಕೇ ಅವಳು ಅದನ್ನ ಕೇಳಿದ್ದು," ಎನ್ನುತ್ತಾರೆ ಟೀಚರ್.

ತಾಯಿ ಚಪ್ಪಲಿ ಕಳಚುತ್ತಾಳೆ. ಮಗು ಅದನ್ನು ಹೊಸ ಮೊಳೆಗೆ ಸಿಕ್ಕಿಸುತ್ತದೆ. ಗಾರೆ ಉದುರುತ್ತದೆ, ಮೊಳೆ ನಿಲ್ಲುತ್ತದೆ. ಮಗು ತುಟಿ ಬಿಗಿಹಿಡಿದು ಬಾಗಿಲ ಕಡೆ ಕೈ ತೋರಿಸುತ್ತದೆ.

"ಹೋಗಿ ಬಾ."

ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು. ತಾಯಿ ರಸ್ತೆ ದಾಟಿ ಓಡುತ್ತಾಳೆ. ಅವಳು ಗೇಟಿನೊಳಗೆ ಹೋದ ಮೇಲೆ ಎರಡನೇ ಗಂಟೆ ಬಾರಿಸುತ್ತದೆ. ಮಗು ಅಳುತ್ತದೆ, ಆದರೆ ಚಪ್ಪಲಿಯ ಕೆಳಗೆ ಕುಳಿತುಕೊಂಡು. ಬೇರೆ ಮಕ್ಕಳು ಹಾಡು ಶುರು ಮಾಡುವ ಹೊತ್ತಿಗೆ ಅತ್ತು ಮುಗಿಸಿರುತ್ತದೆ.

ಮಧ್ಯಾಹ್ನ ಇಸ್ತ್ರಿಯವಳು ಬರಿಗಾಲು ಮಸಿಯಾಗಿ, ನಗುತ್ತಾ ಬರುತ್ತಾಳೆ. "ಇನ್ನೊಂದು ಚಪ್ಪಲಿ ಎಲ್ಲಮ್ಮಾ ಅಂತ ಮೇಸ್ತ್ರಿ ಕೇಳ್ದ. ಅಡವಿಟ್ಟಿದೀನಿ ಅಂದೆ. ನಿನ್ನ ಚಪ್ಪಲಿನೂ ಅಡವಿಗೆ ತಗೊಳ್ಳೋರು ಇದಾರಾ ಅಂದ." ಮಗು ಚಪ್ಪಲಿಯನ್ನು ತಂದು ಅವಳ ಕಾಲ ಬಳಿ ಇಡುತ್ತದೆ. ಹಾಕಿಕೊಳ್ಳುವವರೆಗೂ ಕೈ ಬಿಡುವುದಿಲ್ಲ.

ಮಕ್ಕಳೆಲ್ಲ ಹೋದ ಮೇಲೆ ಟೀಚರ್ ಗಾರೆಯ ಪುಡಿ ಗುಡಿಸುತ್ತಾರೆ. ಈ ಕೋಣೆಗೆ ಏನು ಬೇಕು ಎಂದು ಕೇಳಿದರೆ ಗೋಡೆಯ ಕಡೆ ನೋಡುತ್ತಾರೆ. "ಒಂದು ಉದ್ದನೆ ಮರದ ಹಲಗೆ. ಮೊಳೆ ಅದಕ್ಕೆ ಹೊಡೀಬಹುದು. ಈ ಗೋಡೆ ಇನ್ನೆಷ್ಟು ದಿನ ತಾಳುತ್ತೋ."

ಬೀಗ ಹಾಕುವ ಮುನ್ನ ಒಮ್ಮೆ ಒಳಗೆ ನೋಡುತ್ತಾರೆ. ಗೋಡೆಯುದ್ದಕ್ಕೂ ಬರಿಯ ಮೊಳೆಗಳು.

"ಇವತ್ತಿನವರೆಗೆ ಒಂದು ಸಾಮಾನೂ ಇಲ್ಲಿ ರಾತ್ರಿ ಉಳಿದಿಲ್ಲ," ಎನ್ನುತ್ತಾರೆ. "ಎಲ್ಲಾ ಅಮ್ಮಂದಿರೂ ಬಂದು ಬಿಡಿಸ್ಕೊಂಡು ಹೋಗಿದಾರೆ."