ಯಾರು ಮೊದಲು ಒತ್ತಿದರು

ನನ್ನ ತಂಗಿ ಗುಂಡಿ ಒತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಪಕ್ಕದ ಮೇಜಿನ ಹುಡುಗನ ಕೈ ಆಗಿನ್ನೂ ಅವನ ಕೆನ್ನೆಯ ಮೇಲೇ ಇತ್ತು. ಆದರೂ ದೀಪ ಹತ್ತಿದ್ದು ಅವನ ಮೇಜಿಗೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೆ. ಹೊನ್ನವಳ್ಳಿಯಿಂದ ಹೊರಟು ತಿಪಟೂರಿನಲ್ಲಿ ಬಸ್ಸು ಬದಲಿಸಿ ಕಾಲೇಜಿಗೆ ಹೋಗಬೇಕಿತ್ತು. ಆ ವರ್ಷ ನಮ್ಮ ಕಾಲೇಜಿನವರು ಸುತ್ತಲಿನ ಹೈಸ್ಕೂಲು ಮಕ್ಕಳಿಗೆ ಕ್ವಿಜ್ ಇಟ್ಟಿದ್ದರು. ಊರಿನ ಶಾಲೆಯ ಹುಡುಗಿಯರ ತಂಡದಲ್ಲಿ ಹತ್ತನೇ ಕ್ಲಾಸಿನ ನನ್ನ ತಂಗಿ ಇದ್ದಳು. ಮೊದಲು ಗುಂಡಿ ಒತ್ತಿದವರ ಮೇಜಿನ ದೀಪ ಹತ್ತಿಸುವ ಬಜರ್ ಡಬ್ಬ ನಮ್ಮ ವಿಭಾಗದ ಮುಖ್ಯಸ್ಥರೇ ಕಟ್ಟಿದ್ದು. ಪ್ರಶ್ನೆ ಕೇಳುತ್ತಿದ್ದವರೂ ಅವರೇ. ಡಬ್ಬದ ಪಕ್ಕ ಕೂತು ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ.

"ನಾನ್ ಮೊದ್ಲು ಒತ್ತಿದ್ದು ಸಾರ್!" ತಂಗಿ ಎದ್ದು ನಿಂತಳು.

"ಮಿಷಿನ್ ಸುಳ್ಳು ಹೇಳಲ್ಲ ಕಣಮ್ಮ. ಮನುಷ್ಯರು ಹೇಳ್ತಾರೆ" ಎಂದರು ಮುಖ್ಯಸ್ಥರು. ಹಾಲ್ ಪೂರ್ತಿ ನಕ್ಕಿತು.

"ನಾನೂ ನೋಡಿದೆ ಸರ್, ಅವಳೇ ಮೊದಲು" ಅಂದೆ.

"ನಿನ್ ತಂಗಿ ತಾನೇ? ನೀನ್ ಇನ್ನೇನ್ ಹೇಳ್ತೀಯ!"

ಮತ್ತೆರಡು ಸಲ ಹಾಗೇ ಆಯಿತು. ಆಮೇಲೆ ತಂಗಿ ಗುಂಡಿಯಿಂದ ಕೈ ತೆಗೆದುಬಿಟ್ಟಳು. ಸಂಜೆ ಬಸ್ಸಿನಲ್ಲಿ, ಕೊಬ್ಬರಿ ಮಾರಿ ಬಂದವರ ಖಾಲಿ ಗೋಣಿಚೀಲದ ಕಟ್ಟಿನ ಮೇಲೆ ಕೂತು, ಒಂದೇ ಮಾತು ಹೇಳಿದಳು: "ಎಲ್ರ ಮುಂದೆ ಸುಳ್ಳಿ ಅನ್ನಿಸ್ಕಂಡೆ ಕಣಕ್ಕ."

ಮಾರನೆಯ ದಿನ ಲ್ಯಾಬಿನಲ್ಲಿ ಆ ಡಬ್ಬದ ಮುಚ್ಚಳ ಬಿಚ್ಚಿದೆ. ಒಳಗಿನ ಕೌಂಟರ್ ಒಂದೊಂದೇ ಮೇಜಿನ ಬಳಿ ಹೋಗಿ ಅಲ್ಲಿ ಯಾರಾದರೂ ಒತ್ತಿದ್ದಾರೆಯೇ ಎಂದು ನೋಡಿಕೊಂಡು ಬರುತ್ತಿತ್ತು. ಒತ್ತಿದವರು ಸಿಕ್ಕಿದಲ್ಲಿ ನಿಲ್ಲುತ್ತಿತ್ತು. ಅದರ ಹೆಜ್ಜೆ ಎಷ್ಟು ಬೇಗ ಎನ್ನುವುದು ಅದಕ್ಕೆ ತಾಳ ಹಾಕುವ ಕ್ಲಾಕ್ ಸರ್ಕ್ಯೂಟಿನ ಕೈಯಲ್ಲಿ. ಆ ಕ್ಲಾಕಿಗೆ ಹೆಬ್ಬೆರಳು ಗಾತ್ರದ ಕೆಪಾಸಿಟರ್ ಹಾಕಿ ನಿಧಾನ ಮಾಡಿದ್ದರು. ಎಲ್ಲ ಮೇಜು ಸುತ್ತಿ ಬರಲು ಹತ್ತಿರ ಹತ್ತಿರ ಒಂದು ಸೆಕೆಂಡು. ಅಷ್ಟರೊಳಗೆ ಯಾರು ಮೊದಲು ಒತ್ತಿದರೂ ಲೆಕ್ಕಕ್ಕಿಲ್ಲ. ಕೌಂಟರ್ ಯಾರ ಬಳಿ ಮೊದಲು ಬಂತೋ ಅವರೇ ಗೆದ್ದಂತೆ.

"ಇಷ್ಟು ನಿಧಾನ ಯಾಕೆ ಸರ್?" ಎಂದು ಮುಖ್ಯಸ್ಥರನ್ನು ಕೇಳಿದೆ.

"ದೀಪ ಸಾಲಾಗಿ ಓಡೋದು ಜನಕ್ಕೆ ಕಾಣ್ಬೇಕಲ್ಲಮ್ಮ. ನೋಡೋಕೆ ಚೆನ್ನಾಗಿರತ್ತೆ."

ಚೆನ್ನಾಗಿರುತ್ತದಂತೆ! ನನ್ನ ಮೈಯೆಲ್ಲ ಉರಿದುಹೋಯಿತು.

"ಅರ್ಧ ಸೆಕೆಂಡಿಗೆ ಇಷ್ಟು ರಂಪಾನಾ? ಹೋಗಿ ಓದ್ಕೊ ಹೋಗು" ಎಂದು ಅವರು ಪೇಪರಿನ ಹಿಂದೆ ಮುಖ ಇಟ್ಟುಕೊಂಡರು.

ಅದೇ ಸಿಟ್ಟಿನಲ್ಲಿ ಬೇರೆ ಬೋರ್ಡಿನ ಮೇಲೆ ನನ್ನದೇ ಬಜರ್ ಕಟ್ಟತೊಡಗಿದೆ. ಪುಟ್ಟ ಕೆಪಾಸಿಟರ್ ಹಾಕಿದೆ, ಕ್ಲಾಕ್ ಸಾವಿರಾರು ಪಟ್ಟು ವೇಗವಾಯಿತು. ಗೆದ್ದೆ ಅಂದುಕೊಂಡರೆ ಹೊಸ ಕಾಟ. ಒಂದನೇ ಸ್ವಿಚ್ಚು ಒತ್ತಿದರೆ ಅಪರೂಪಕ್ಕೊಮ್ಮೆ ಐದನೇ ದೀಪ ಹತ್ತುತ್ತಿತ್ತು. ಬೋರ್ಡನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಕೊನೆಗೆ ಹೊಳೆಯಿತು: ಕೌಂಟರಿನೊಳಗೆ ಎಣಿಕೆ ಹಿಡಿದಿಡುವ, ಸೊನ್ನೆ-ಒಂದರ ನಡುವೆ ತಿರುಗುವ ಮೂರು ಫ್ಲಿಪ್-ಫ್ಲಾಪ್‌ಗಳನ್ನು, ಮುಖ್ಯಸ್ಥರ ಡಬ್ಬದಲ್ಲಿದ್ದ ಹಾಗೆಯೇ, ಒಂದು ತಿರುಗಿದ ಮೇಲೆ ಇನ್ನೊಂದು ತಿರುಗುವಂತೆ ಸಾಲಾಗಿ ಕಟ್ಟಿದ್ದೆ. ಮೂರೂ ತಿರುಗಿ ಮುಗಿಯುವ ಮುಂಚಿನ ಅರೆಬರೆ ಗಳಿಗೆಯಲ್ಲಿ ಸರ್ಕ್ಯೂಟು ಒಂದು ಮೇಜನ್ನು ಓದಿ, ಇನ್ನೊಂದರ ದೀಪ ಹತ್ತಿಸುತ್ತಿತ್ತು. ಅವರ ನಿಧಾನದ ಕ್ಲಾಕಿನಲ್ಲಿ ಈ ತಪ್ಪು ಕಣ್ಣಿಗೆ ಬೀಳುವಷ್ಟು ಸಲ ಆಗುತ್ತಿರಲಿಲ್ಲ. ಎಲ್ಲ ಕಿತ್ತೆ. ಕ್ಲಾಕಿನ ತಂತಿಯನ್ನು ಮೂರಕ್ಕೂ ನೇರವಾಗಿ ಕೊಟ್ಟು, ಒಟ್ಟಿಗೇ ತಿರುಗುವಂತೆ ಕಟ್ಟಿದೆ. ಅವು ತಿರುಗಿ ನೆಲೆ ನಿಂತ ಮೇಲಷ್ಟೇ ಸ್ವಿಚ್ಚು ಓದುವಂತೆ ಮಾಡಿದೆ. ಆಮೇಲೆ ಎಷ್ಟು ಒತ್ತಿದರೂ ತಪ್ಪು ದೀಪ ಹತ್ತಲಿಲ್ಲ.

ಎರಡೂ ಬಜರ್‌ಗಳನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. "ಮೊದಲು ನಿಮ್ಮದು ಸರ್. ನಾನು ಈಗ ಅಂದಾಗ ನೀವು ಒತ್ತಿ, ನಾನು ಆಮೇಲೆ ಒತ್ತುತ್ತೀನಿ."

ಓಡುವ ದೀಪ ಅವರ ಗುಂಡಿಯನ್ನು ದಾಟಿದ ಕೂಡಲೇ "ಈಗ" ಎಂದೆ. ಅವರು ಒತ್ತಿದರು. ದೀಪ ನನ್ನ ಗುಂಡಿಗೆ ಬರುವ ಮುನ್ನ ನಾನು ಒತ್ತಿದೆ. ನನ್ನ ದೀಪ ಹತ್ತಿತು. ಮತ್ತೆ ಒತ್ತಿದರು. ಮತ್ತೆ ನನ್ನದೇ. ಅವರ ಕಿವಿ ಕೆಂಪಾಯಿತು. "ಸ್ವಿಚ್ಚು ಲೂಸ್ ಆಗಿರ್ಬೇಕು" ಎಂದರು. ನನ್ನ ಬೋರ್ಡಿನಲ್ಲಿ ಒತ್ತಿದಾಗ ಅವರೇ ಗೆದ್ದರು. "ಇಲ್ಲೇ ಇಟ್ಟು ಹೋಗು" ಎಂದರು.

"ಆ ಶಾಲೆಗೆ ಒಂದು ಮಾತು ತಿಳಿಸಿ ಸರ್. ಆ ಹುಡುಗಿಯರು ಸುಳ್ಳು ಹೇಳಿರಲಿಲ್ಲ ಅಂತ."

"ಮುಗಿದು ಹೋಗಿದ್ದಕ್ಕೆ ಯಾಕಮ್ಮ ಅದೆಲ್ಲ."

ಮುಂದಿನ ವರ್ಷ ನನ್ನ ಓದು ಮುಗಿದಿತ್ತು. ಕ್ವಿಜ್ ಇದೆ ಎಂದು ತಿಳಿದು ತಂಗಿಯನ್ನು ಕರೆದುಕೊಂಡು ಹೋದೆ. ಮುಖ್ಯಸ್ಥರು ವೇದಿಕೆಯ ಮೇಲೆ ನನ್ನ ಬೋರ್ಡನ್ನು ಹೊಸ ಪೆಟ್ಟಿಗೆಯಲ್ಲಿ ಕೂರಿಸಿ, "ನಮ್ಮ ವಿಭಾಗದ ಹೊಸ ಬಜರ್. ಚೂರೂ ತಡ ಮಾಡಲ್ಲ" ಎಂದು ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. "ಹಳೇದು ತಡ ಮಾಡ್ತಿತ್ತು ಅನ್ನೋದನ್ನೂ ಹೇಳಿ ಸರ್. ಹೋದ ವರ್ಷ ಹೊನ್ನವಳ್ಳಿ ಹುಡುಗಿಯರೇ ಮೊದಲು ಒತ್ತಿದ್ದು."

ಮೈಕು ಕೀರೆಂದಿತು. ಅವರು ನನ್ನತ್ತ ನೋಡದೆ ಮೊದಲ ಪ್ರಶ್ನೆ ಓದಿದರು.

"ಸಾಕು ಬುಡಕ್ಕ, ಬಾ" ಎಂದು ತಂಗಿ ನನ್ನ ಕೈ ಹಿಡಿದು ಎಳೆದಳು. ಹೊರಗೆ ಬಂದ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ; "ಅವ್ರ ಮುಖ ನೋಡ್ದಾ!" ಎಂದು ಬಸ್‌ಸ್ಟ್ಯಾಂಡಿನವರೆಗೂ ನಕ್ಕಳು. ನಾನು ನಗಲಿಲ್ಲ. ಒಂದೇ ಒಂದು ಮಾತು ಹೇಳಲು ಆ ಮನುಷ್ಯನಿಗೆ ಏನಾಗಿತ್ತು ಎಂದು ನೆನೆದರೆ ಈಗಲೂ ಸಿಟ್ಟು ಬರುತ್ತದೆ.