ಅಳಿಸಿದ ಸಾಲು

ಆಸ್ಪತ್ರೆಯ ಕಚೇರಿಯಲ್ಲಿ ಆಕೆಗೆ ಕೆಂಪು ಪೆನ್ನಮ್ಮ ಎಂದೇ ಹೆಸರು. ಹೆಡ್ ಕ್ಲರ್ಕ್. ಮೂವತ್ತು ವರ್ಷದಿಂದ ಒಂದು ಸುತ್ತೋಲೆಯೂ ಅವರ ಕೈಯಲ್ಲಿ ತಿದ್ದಿಸಿಕೊಳ್ಳದೆ ಗೋಡೆ ಹತ್ತಿರಲಿಲ್ಲ. ಅಕ್ಕ ಮದುವೆಯ ಕರೆಯೋಲೆಯಲ್ಲೂ ತಪ್ಪು ಹುಡುಕುತ್ತಾಳೆ ಎಂದು ತಂಗಿ ರೇಗಿಸುತ್ತಿದ್ದಳು. ಹುಡುಕುತ್ತಿದ್ದದ್ದು ನಿಜವೇ.

ಕಂಪ್ಯೂಟರ್ ಬಳಕೆಯ ಹೊಸ ನಿಯಮಗಳೂ ಹಾಗೇ ಅವರ ಮೇಜಿಗೆ ಬಂದವು. ಹಿರಿಯ ಡಾಕ್ಟರು, ಆಡಳಿತಾಧಿಕಾರಿ, ಈಕೆ, ಮೂವರೂ ಸಹಿ ಹಾಕಿದರೆ ಜಾರಿ. ಏಳನೇ ನಿಯಮದ ಮೇಲೆ ಪೆನ್ನು ನಿಂತಿತು. ‘ಸಂಸ್ಥೆಯ ಬಗ್ಗೆ ಕೆಟ್ಟ ಭಾವನೆ ಇಟ್ಟುಕೊಂಡ ನೌಕರರನ್ನು ವಜಾ ಮಾಡಬಹುದು.’ ಭಾವನೆ ಗೊತ್ತಾಗುವುದು ಹೇಗೆ? ಅದಕ್ಕೆಂದೇ ಹಿಂದೆ ಆರು ಪುಟ ಪಿನ್ ಮಾಡಿದ್ದರು. ನೌಕರರು ಟೈಪ್ ಮಾಡಿ, ಕಳಿಸದೆ ಅಳಿಸಿಹಾಕಿದ ಸಾಲುಗಳು. ಅವನ್ನೆಲ್ಲ ಕಂಪ್ಯೂಟರು ಸದ್ದಿಲ್ಲದೆ ಕೂಡಿಟ್ಟಿತ್ತು.

ಮೊದಲನೆಯದು ಲಾಂಡ್ರಿಯ ಹೆಂಗಸಿನದು. ರಜೆ ಕೇಳಲೂ ಈಗ ಕಂಪ್ಯೂಟರೇ. ‘ಈ ಸೂಪರ್‌ವೈಸರ್ ಮುಖಕ್ಕೆ ಕೊಳೆ ಬಟ್ಟೆ ಗಂಟು ಎಸೀಬೇಕು’ ಎಂದು ಬರೆದು ಅಳಿಸಿದ್ದಳು. ಕಳಿಸಿದ್ದು ಬೇರೆ: ‘ಅಮ್ಮನಿಗೆ ಆಪರೇಷನ್ ಇದೆ, ದಯವಿಟ್ಟು ಎರಡು ದಿನ ರಜೆ ಕೊಡಿ.’ ಪಕ್ಕದಲ್ಲಿ ಆಡಳಿತಾಧಿಕಾರಿಯ ಕೈಬರಹ: ‘ನಿಯಮ ಜಾರಿಯಾದ ಕೂಡಲೇ ಈಕೆಯನ್ನು ತೆಗೆಯುವುದು.’

ಇದು ಓದುವಂಥದ್ದಲ್ಲ ಎಂದುಕೊಂಡರು ಪೆನ್ನಮ್ಮ. ಆದರೂ ಓದಿದರು. ಯಾರೋ ಗಂಡನನ್ನು ಬೈದು ಅಳಿಸಿದ್ದು, ಯಾರೋ ಮೆಚ್ಚಿದವನಿಗೆ ಬರೆಯಲು ಹೋಗಿ ನಾಚಿ ಬಿಟ್ಟದ್ದು. ಇಂಥದ್ದನ್ನು ಕೂಡಿಡುವವರ ಕೈಗೆ ಹುಳ ಬೀಳಲಿ ಎಂದು ಶಪಿಸುತ್ತಲೇ ಕೊನೆಯ ಪುಟ ಮುಟ್ಟಿ, ಸೋಪು ಹಾಕಿ ಕೈ ತೊಳೆದುಕೊಂಡರು.

ಸಭೆಯಲ್ಲಿ ಆಡಳಿತಾಧಿಕಾರಿ ಹಲ್ಲು ಕಿರಿದರು. “ಮೇಡಂ, ನೀವು ಭಾಷೆ ನೋಡಿದ್ರೆ ಸಾಕು. ಮನಸ್ಸು ಶುದ್ಧವಾಗಿರೋರಿಗೆ ಯಾಕೆ ಭಯ?”

“ಹಾಗಾದ್ರೆ ನೀವು ಅಳಿಸಿದ್ದೂ ತರಿಸಿ. ಡಾಕ್ಟ್ರ ಮುಂದೆ ಓದೋಣ.”

ಕಿರಿದ ಹಲ್ಲು ಒಳಗೆ ಹೋಯಿತು.

“ಬರೆದಿದ್ದು ಆ ಲಾಂಡ್ರಿಯವಳ ಸಿಟ್ಟು, ಅಳಿಸಿದ್ದು ಅವಳ ನಡತೆ. ಗಂಟು ಎಸೆದಿದ್ದಾಳಾ? ಯಾರನ್ನಾದ್ರೂ ಬೆದರಿಸಿದ್ದಾಳಾ? ತಲೆಯೊಳಗೆ ಬಂದಿದ್ದಕ್ಕೆಲ್ಲಾ ಕೆಲಸ ತೆಗೀತೀರಾ? ಥೂ! ಇದಕ್ಕೆ ನನ್ನ ಸಹಿ ಸಿಗಲ್ಲ.”

ಡಾಕ್ಟರು ಕನ್ನಡಕ ಒರೆಸಿಕೊಂಡು, “ಮತ್ತೆ ಏನು ಬರೀಬೇಕು, ನೀವೇ ಬರೀರಿ” ಎಂದರು.

ಪೆನ್ನಮ್ಮ ಏಳನೇ ನಿಯಮವನ್ನು ಹೊಡೆದುಹಾಕಿ ಮೇಲೆ ಬರೆದರು: ‘ಮಾಡಿದ ತಪ್ಪಿಗೆ, ಕಳಿಸಿದ ಬೆದರಿಕೆಗೆ ಮಾತ್ರ ಶಿಕ್ಷೆ. ಅಳಿಸಿದ್ದನ್ನು ಕೂಡಿಡಕೂಡದು.’ ಮೂರು ಸಹಿ ಬಿತ್ತು, ಒಂದು ಮಾತ್ರ ಮುಖ ಹಿಂಡಿಕೊಂಡು. ಆರು ಪುಟ ಅಲ್ಲೇ ಚೂರಾಯಿತು.

ಮರುದಿನ ಸುದ್ದಿ ಹೇಳಲು ತಾವೇ ಲಾಂಡ್ರಿಗೆ ಇಳಿದು ಹೋದರು. ನಾಲ್ಕು ಒಳ್ಳೆಯ ಮಾತು ಕೇಳುವ ಆಸೆಯೂ ಇತ್ತು, ಸುಳ್ಳೇಕೆ? ಲಾಂಡ್ರಿಯವಳು ಎಲ್ಲ ಕೇಳಿಸಿಕೊಂಡು ಕೈ ಮುಗಿದಳು.

“ಒಂದು ಕೇಳ್ಲಾ ಅಮ್ಮಾ? ಅಳಿಸಿದ್ದನ್ನೆಲ್ಲ ನೀವೂ ಓದಿದ್ರಾ?”

“ಓದ್ದೆ.”

“ನಂದೊಂದೇನಾ?”

“ಆರೂ ಪುಟ.”

ಆಕೆ ವಾರ್ಡಿನಿಂದ ಬಂದ ಹಾಸಿಗೆ ಬಟ್ಟೆಯೊಂದನ್ನು, ಕಲೆ ಒಳಗಾಗುವಂತೆ ಸುತ್ತಿ, ಮೆಷೀನಿಗೆ ಹಾಕಿದಳು. “ಇಡೀ ಆಸ್ಪತ್ರೆ ಕೊಳೆ ನಮ್ಮ ಕೈಗೇ ಬರೋದಮ್ಮಾ. ಯಾರದ್ದು ಅಂತ ನಾವು ಬಿಡಿಸಿ ನೋಡಲ್ಲ.”

ಆ ಮಾತಿನಲ್ಲಿ ತಿದ್ದುವುದಕ್ಕೆ ಪೆನ್ನಮ್ಮನಿಗೆ ಏನೂ ಸಿಗಲಿಲ್ಲ.