ಪಾಸಾದ ಪ್ರಬಂಧದ ಕಾರ್ಬನ್ ಪ್ರತಿ

ನಾನು ಓದಿದ್ದು ಮೆಟ್ರಿಕ್‌ವರೆಗೆ, ಕಲಿಸಿದ್ದು ಡಾಕ್ಟರರಿಗೆ. ಇದನ್ನು ಹೇಳುವಾಗ ಈಗಲೂ ಎದೆ ಉಬ್ಬುತ್ತದೆ, ದೇವರು ಕ್ಷಮಿಸಲಿ.

ಎಪ್ಪತ್ತರ ದಶಕದ ಆರಂಭದಲ್ಲಿ ಮಾಟುಂಗ ಸ್ಟೇಶನ್ ಹತ್ತಿರ, ಉಡುಪಿ ಹೋಟೆಲೊಂದರ ಮೇಲಿನ ಕೋಣೆಯಲ್ಲಿ ನನ್ನ ಟೈಪಿಂಗ್ ಅಂಗಡಿ ಇತ್ತು. ಎಂ.ಡಿ. ಓದುವವರು ತಮ್ಮ ಪ್ರಬಂಧ ಟೈಪ್ ಮಾಡಿಸಲು ಬರುತ್ತಿದ್ದರು. ರೋಗವನ್ನು ಬಲ್ಲವರೇ, ಆದರೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಬೆವರುತ್ತಿದ್ದರು. ಅವರಿಗಾಗಿ ಭಾನುವಾರ ಬೆಳಿಗ್ಗೆ ಪಾಠ ಶುರು ಮಾಡಿದೆ.

ನನ್ನ ವಿಧಾನ ಸರಳವಾಗಿತ್ತು. ಪಾಸಾದ ಪ್ರತಿ ಪ್ರಬಂಧದ ಒಂದು ಕಾರ್ಬನ್ ಪ್ರತಿ ನನ್ನ ಕಪಾಟಿನಲ್ಲಿರುತ್ತಿತ್ತು. ಅದರ ವಾಕ್ಯ ಎತ್ತಿಕೊಳ್ಳುವುದು, ರೋಗದ ಹೆಸರು, ಔಷಧದ ಹೆಸರು ಬದಲಿಸುವುದು. ಪರೀಕ್ಷಕರು ಒಮ್ಮೆ ಒಪ್ಪಿದ್ದನ್ನು ಮತ್ತೆ ಒಪ್ಪುತ್ತಾರೆಂದು ಗಟ್ಟಿಯಾಗಿ ಹೇಳುತ್ತಿದ್ದೆ. ಬಹಳಷ್ಟು ಸಲ ಅದು ನಿಜವೂ ಆಯಿತು.

ಆ ಪಾಠಕ್ಕೆ ಧಾರವಾಡದ ಹುಡುಗಿಯೊಬ್ಬಳು ಬರುತ್ತಿದ್ದಳು. ಪಾಸಾದರೆ ಊರಿನ ಆಸ್ಪತ್ರೆಯಲ್ಲಿ ಕೆಲಸ ಕಾದಿತ್ತು. ಹೊಸ ಔಷಧವೊಂದರ ಮೇಲೆ ಬರೆದಿದ್ದ ಅವಳು, ಒಬ್ಬ ಮುದುಕಿಗೆ ಅದರಿಂದ ವಾಂತಿ ನಿಲ್ಲದೆ, ಆಕೆ ಔಷಧ ಬಿಟ್ಟು ಮನೆಗೆ ಹೋದಳೆಂದೂ ಸೇರಿಸಿದ್ದಳು.

"ಇದನ್ನ ತಗೀರಿ, ಡಾಕ್ಟರ್‌ಬಾಯಿ. ನಮ್ಮ ಪ್ರತಿಯೊಳಗ ನೋಡ್ರಿ, ಎಲ್ಲಾ ರೋಗಿಗಳಿಗೂ ಔಷಧ ಚಲೋ ಒಗ್ಗೇತಿ," ಎಂದೆ.

"ಆದ್ರ ಆ ಅಜ್ಜಿಗೆ ಒಗ್ಗಲಿಲ್ಲಲ್ರೀ ಕಾಕಾ."

"ನಿಮ್ಮ ಪರೀಕ್ಷಾ ಅಜ್ಜಿ ತಗೋತಾಳೇನು?"

ಎಲ್ಲರೂ ನಕ್ಕರು. ಅವಳೂ ನಕ್ಕು, ಆ ಸಾಲುಗಳನ್ನು ಹೊಡೆದುಹಾಕಿದಳು.

ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರು ಅದೇ ಔಷಧವನ್ನು ತಮ್ಮ ರೋಗಿಗಳಿಗೆ ಕೊಟ್ಟು ನೋಡಿದ್ದವರು. ಯಾರಿಗೂ ವಾಂತಿ ಆಗಲಿಲ್ಲವೇ ಎಂದು ಕೇಳಿದರು. ಅವಳಿಗೆ ಸುಳ್ಳು ಹೇಳಲು ಬರಲಿಲ್ಲ. ಅಜ್ಜಿಯ ಸಂಗತಿ ಹೇಳಿಬಿಟ್ಟಳು. ಬರೆದದ್ದೇ ಒಂದು, ಆದದ್ದೇ ಒಂದು ಎಂದು ಪ್ರಬಂಧ ತಿರಸ್ಕರಿಸಿದರು. ಊರಿನ ಕೆಲಸ ಬೇರೆಯವರ ಪಾಲಾಯಿತು.

ಮುಂದಿನ ಭಾನುವಾರ ಒಬ್ಬ ಹುಡುಗ ಕೇಳಿದ: "ಮಾಸ್ತರ್, ನಿಮ್ಮ ಡಾಕ್ಟರ್‌ಬಾಯಿ ಯಾಕ ಫೇಲ್ ಆದ್ರು?"

"ಆಕಿ ಇಂಗ್ಲಿಷ್ ಕಚ್ಚಾ ಇತ್ತಪಾ," ಎಂದೆ.

ಬಾಗಿಲಲ್ಲಿ ಅವಳು ನಿಂತಿದ್ದಳು, ಕೈಯಲ್ಲಿ ಅದೇ ಪ್ರಬಂಧ.

"ಹೌದ್ರೀ, ಕಚ್ಚಾನ ಇತ್ತು," ಎಂದು ಹುಡುಗನಿಗೆ ಹೇಳಿ, ನನ್ನ ಎದುರು ಕುಳಿತಳು. "ಕಾಕಾ, ಈ ಸಲ ನಾ ಹೇಳತೀನಿ, ನೀವು ಟೈಪ್ ಮಾಡ್ರಿ."

ಅಜ್ಜಿಯಿಂದಲೇ ಶುರು ಮಾಡಿದಳು. ರೂಢಿಯಂತೆ ನಾನು ನನಗೊಂದು ಹೆಚ್ಚಿನ ಕಾರ್ಬನ್ ಹಾಳೆ ಸೇರಿಸಿದ್ದೆ. ಅವಳು ಅದನ್ನು ಎಳೆದು ತೆಗೆದು ಮೇಜಿನ ಮೇಲಿಟ್ಟಳು.

"ಇದು ನಿಮ್ಮ ಕಪಾಟಿಗೆ ಬ್ಯಾಡ್ರಿ."

ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ತಪ್ಪು ನನ್ನದೆಂದು ಹೇಳಲು ಒಂದು ಮಾತು ಸಾಕಿತ್ತು. ನಾನು ತಲೆ ತಗ್ಗಿಸಿ ಟೈಪ್ ಮಾಡುತ್ತ ಹೋದೆ.